ಬೂಷ್ಟಿಗೆ ಬೆಲೆ ಕಟ್ಟುವವರು

ಮನೆ ಖಾಲಿ ಮಾಡುವ ದಿನ ಮಾಲೀಕರು ನೇರ ಹೋಗಿ ನೋಡುವುದು ಬಚ್ಚಲನ್ನು. ಕಪ್ಪಗೆ ಹಬ್ಬಿದ ಬೂಷ್ಟು ಕಂಡರೆ ಸಾಕು, "ನೀವು ಸರಿಯಾಗಿ ಕ್ಲೀನ್ ಮಾಡಿಲ್ಲ" ಎಂಬ ತೀರ್ಪು ಸಿದ್ಧ. ಬೆಂಗಳೂರಿನಲ್ಲಿ ನನಗೂ ಅದೇ ತೀರ್ಪು ಸಿಕ್ಕಿತು. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹೇಗೂ ಮುರಿದುಕೊಳ್ಳುತ್ತಾರೆ. ಅದರ ಮೇಲೆ ಬಚ್ಚಲಿನದ್ದು ಬೇರೆ. ಫೆಲೋಶಿಪ್ ಹಣಕ್ಕೆ ತಿಂಗಳುಗಟ್ಟಲೆ ಕಾಯುವವರಿಗೆ ಅದು ಸಣ್ಣ ಮೊತ್ತವಲ್ಲ.

ಬೂಷ್ಟು ಹುಟ್ಟುವುದು ತೇವದಿಂದ. ಅದರ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇವೆ, ಮಾಲೀಕರ ಮನೆಯದ್ದರಲ್ಲೂ. ಹಾಗಾಗಿ ಕೇಳಬೇಕಾದ ಪ್ರಶ್ನೆ ತೇವ ಎಲ್ಲಿಂದ ಬಂತು ಎನ್ನುವುದು. ಸ್ನಾನದ ಹಬೆ ಹೊರಹೋಗಲು ದಾರಿಯಿಲ್ಲದೆ ತಣ್ಣನೆಯ ಚಾವಣಿಯಲ್ಲಿ ನೀರಾಗಿ ನಿಂತರೆ, ಚುಕ್ಕೆಗಳು ಮೇಲಿನ ಮೂಲೆಗಳಲ್ಲಿ ಏಳುತ್ತವೆ. ಒಂದೇ ಗೋಡೆ ಉಬ್ಬಿ, ಬಣ್ಣ ಹಪ್ಪಳದಂತೆ ಎದ್ದು, ಬಿಳಿ ಉಪ್ಪು ಉದುರುತ್ತಿದ್ದರೆ ಒಳಗಿನ ಪೈಪೋ ಮೇಲಿನ ಮನೆಯ ಬಚ್ಚಲೋ ಸೋರುತ್ತಿದೆ ಎಂದೇ ಅನುಮಾನಿಸಬೇಕು. ಅದನ್ನು ಎಷ್ಟು ಉಜ್ಜಿದರೂ ಹೋಗದು. ಮೇಲೆ ಬಣ್ಣ ಬಳಿದರೆ ಮುಂದಿನವರು ಅಡ್ವಾನ್ಸ್ ಕೊಡುವವರೆಗೆ ಮುಚ್ಚಿರುತ್ತದೆ. ಬೇಕಿರುವುದೂ ಅಷ್ಟೇ ಅನ್ನಿ.

ಬಾಡಿಗೆದಾರರ ಪಾಲೇ ಇಲ್ಲ ಎನ್ನುತ್ತಿಲ್ಲ. ಎಕ್ಸಾಸ್ಟ್ ಫ್ಯಾನ್ ಇದ್ದೂ ಹಾಕದವರು, ಒದ್ದೆ ಬಟ್ಟೆಯನ್ನು ಬಚ್ಚಲಲ್ಲೇ ಒಣಹಾಕುವವರು, ಸೋರುವುದು ಕಂಡೂ ತಿಳಿಸದವರು ಇದ್ದಾರೆ. ನನ್ನ ಹಳೆಯ ರೂಮ್‌ಮೇಟ್ ಒಬ್ಬ ಮೂರನ್ನೂ ಮಾಡುತ್ತಿದ್ದ. ಆದರೆ ಪಕ್ಕದ ಕಟ್ಟಡಕ್ಕೆ ಒಂದೇ ಅಡಿ ಬಿಟ್ಟು ನಾಲ್ಕಂತಸ್ತು ಎಬ್ಬಿಸಿ, ಆ ಕತ್ತಲ ಸಂದಿಗೆ ವೆಂಟಿಲೇಟರ್ ಇಟ್ಟವರೇ "ಗಾಳಿ ಆಡಲು ಬಿಡಬೇಕಿತ್ತು" ಎನ್ನುವುದು ಯಾವ ನ್ಯಾಯ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಸಹಜ ಸವೆತದ ಹೊರೆಯನ್ನು ಬಾಡಿಗೆದಾರರ ಮೇಲೆ ಹಾಕುವುದಿಲ್ಲ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡದಿದ್ದರೆ, ತಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲೂ ಬಿಡುತ್ತದೆ. ಆದರೆ ಕರಾರು ಬೇರೆ ಹೇಳಿದರೆ ಕರಾರೇ ನಿಲ್ಲುತ್ತದೆ. ನಮ್ಮ ಹನ್ನೊಂದು ತಿಂಗಳ ಕರಾರನ್ನು ಬರೆಸುವವರು ಯಾರು? 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿ, ಪೈಪು ಬದಲಿಸುವುದನ್ನು ಮಾಲೀಕರಿಗೂ, ನಲ್ಲಿ, ಚರಂಡಿ ಶುಚಿಯನ್ನು ಬಾಡಿಗೆದಾರರಿಗೂ ಹಂಚಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎಂದಿತು. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿಕೊಳ್ಳಬೇಕು. ಹತ್ತು ತಿಂಗಳ ಅಡ್ವಾನ್ಸ್ ಮಾಲೀಕರ ಕೈಯಲ್ಲಿರುವಾಗ ಸೆಕ್ಷನ್ ಹಿಡಿದು ವಾದಿಸುವ ಧೈರ್ಯ ಯಾರಿಗಿದೆ?

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ಬೂಷ್ಟು ಹಿಡಿದ ಫ್ಲ್ಯಾಟಿನ ಗಾಳಿ ಉಸಿರಾಡಿ ಸತ್ತಿತು. ತಂದೆ ದೂರಿದಾಗ ಸಿಕ್ಕ ಸಲಹೆ, ಮೇಲೆ ಬಣ್ಣ ಬಳಿಯಿರಿ ಎಂದು. ಕುಟುಂಬದ ಜೀವನಶೈಲಿಯೇ ಕಾರಣ ಎಂದು ವಸತಿ ಸಂಸ್ಥೆ ಭಾವಿಸಿತ್ತು. ತಪ್ಪೆಂದು ಒಪ್ಪಿದ್ದು ಮಗು ಹೋದ ಮೇಲೆ. ಗಡುವಿನೊಳಗೆ ರಿಪೇರಿ ಮಾಡಲೇಬೇಕೆಂಬ, ಆ ಮಗುವಿನ ಹೆಸರಿನ ಕಾನೂನಿಗೆ ಅಲ್ಲಿನ ಸಂಸತ್ತು 2023ರಲ್ಲಿ ದಾರಿ ಮಾಡಿತು.

ಹೊಸ ಮನೆಗೆ ಬಂದ ದಿನ, ಸಾಮಾನು ಇಳಿಸುವ ಮುಂಚೆಯೇ ಬಚ್ಚಲಿನ ನಾಲ್ಕೂ ಗೋಡೆಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿದೆ. "ಇದೆಲ್ಲ ಯಾಕೆ?" ಎಂದು ಉತ್ತರ ಬಂತು. ಬಾಗಿಲ ಹಿಂದೆ, ಹೊಸ ಬಣ್ಣದಡಿಯಿಂದ ಕಂದು ಕಲೆಯೊಂದು ಆಗಲೇ ಇಣುಕುತ್ತಿತ್ತು.