ಕಸುಬು ಬದಲಿಸುವವರಿಗೆ ನಮ್ಮ ಬಾಗಿಲು ತೆರೆದಿರಲಿ



ಕಳೆದ ತಿಂಗಳು ನಮ್ಮ ಸಂಘದ ಕಚೇರಿಗೆ ಬಳ್ಳಾರಿ ಜಿಲ್ಲೆಯ ಬಾದನಹಟ್ಟಿಯಿಂದ ರೈತರೊಬ್ಬರು ಬಂದಿದ್ದರು. ಒಂದು ಕಾಲದಲ್ಲಿ ಅದಿರು ಸಾಗಿಸುವ ಲಾರಿ ಇಟ್ಟುಕೊಂಡಿದ್ದವರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿ ಮಾರಿ ತಂದೆಯ ಗದ್ದೆಗೆ ಮರಳಿದರು. ಈಗ ಭತ್ತ, ಮೆಣಸಿನಕಾಯಿಯ ಜೊತೆಗೆ ಎರಡು ಎಕರೆ ಅಡಿಕೆ ಹಾಕುವ ಯೋಚನೆ ಅವರದು.

ಸಸಿ ಬೇಕಾಗಿತ್ತೇ ಎಂದು ವಿಚಾರಿಸಿದೆವು. ಅವರು ತಲೆಯಾಡಿಸಿದರು. "ಸಸಿ ಬ್ಯಾಡ್ರಿ ಸಾರ್. ಲಾಭ ಆದೋರ ತ್ವಾಟ ಎಲ್ಲಾರೂ ತೋರಸ್ತಾರ. ಲುಕ್ಸಾನ ಆದೋರ ತ್ವಾಟಕ್ಕ ಒಮ್ಮೆ ಕರಕೊಂಡು ಹೋಗ್ರಿ" ಎಂದರು.

ಈ ಮಾತು ನಮ್ಮನ್ನು ನಾಚಿಸಿತು. ಏಕೆಂದರೆ ನಾವೇ ಅದನ್ನು ಮಾಡಿರಲಿಲ್ಲ. ಮಡಗಾಸ್ಕರಿನಲ್ಲಿ 2000ದಲ್ಲಿ ಚಂಡಮಾರುತ ಬಂದು ಬೆಳೆ ಹಾಳಾಗಿ, ಮುಂದಿನ ವರ್ಷಗಳಲ್ಲಿ ವೆನಿಲ್ಲಾದ ಹಸಿ ಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ ಧಾರಣೆ ಬಂದಾಗ, ನಾವು ಬಳ್ಳಿ ಮಾರುವವರನ್ನು ಮಾತ್ರ ಕೇಳಿ ಬಳ್ಳಿ ಹಬ್ಬಿಸಿದೆವು. ಆ ದೇಶದ ಬೆಳೆ ಚೇತರಿಸಿಕೊಂಡಿತು, ಕೃತಕ ವೆನಿಲಿನ್ ಅಗ್ಗವಾಗಿ ಸಿಗುತ್ತಿತ್ತು, ಧಾರಣೆ ನೆಲ ಕಚ್ಚಿತು. ಬಲ್ಲವರು ನಾಲ್ವರ ಮನೆ ಮೆಟ್ಟಿಲು ಹತ್ತಿದ್ದರೆ ಅಷ್ಟು ಸಾಲ ನಮ್ಮ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಬಂದವರನ್ನು ಮೂರು ದಿನ ಸುತ್ತಾಡಿಸಿದೆವು. ಎಲೆಚುಕ್ಕಿ ರೋಗದಿಂದ ಸೊರಗಿದ ತೋಟ ತೋರಿಸಿದೆವು. ಅಡಿಕೆ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು, ಅಲ್ಲಿಯವರೆಗೆ ಮನೆಖರ್ಚಿಗೆ ಬೇರೆ ದಾರಿ ಇರಬೇಕು, ನೀರು ನಿಲ್ಲುವ ಎರೆಭೂಮಿ ಅದಕ್ಕೆ ಒಗ್ಗದು, ಕಾಲುವೆ ನಿಂತ ಬೇಸಗೆಯಲ್ಲಿಯೂ ಗಿಡಕ್ಕೆ ನೀರು ತಪ್ಪಬಾರದು ಎಂದು ವಿವರಿಸಿದೆವು. ಕೊನೆಗೆ ಅವರು, ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತೇನೆ, ಈ ವರ್ಷ ಸಸಿ ಇಡುವುದಿಲ್ಲ ಎಂದು ಹೇಳಿ ಹೊರಟರು.

ಇದಕ್ಕೆ ಕೆಲವು ಸದಸ್ಯರು ಆಕ್ಷೇಪಿಸಿದ್ದಾರೆ. "ಬಯಲುಸೀಮೆಯವರಿಗೆ ಅಡಿಕೆ ಕಲಿಸಿ ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಳ್ಳುವುದೇಕೆ?" ಎಂಬುದು ಅವರ ಪ್ರಶ್ನೆ. ಅವರ ಅಂಜಿಕೆ ನಿರಾಧಾರವಲ್ಲ. ಬಯಲುನಾಡಿನಲ್ಲಿ ತೋಟಗಳು ಹೆಚ್ಚಿದಷ್ಟೂ ಮಾರುಕಟ್ಟೆಗೆ ಬರುವ ಮಾಲು ಹೆಚ್ಚುತ್ತದೆ. ಆದರೆ ನಾವು ಬಾಯಿ ಮುಚ್ಚಿದರೆ ಅದು ನಿಲ್ಲುವುದೇ? ಸಸಿ ಮಾರುವವರು ಬಾಯಿ ತೆರೆದೇ ಇರುತ್ತಾರೆ. ಅವರು ಕಷ್ಟದ ಲೆಕ್ಕ ಹೇಳುವುದಿಲ್ಲ, ನಾವು ಹೇಳಬಲ್ಲೆವು. ಮುಚ್ಚಿಟ್ಟ ಜ್ಞಾನಕ್ಕಿಂತ ಬಿಚ್ಚಿ ಹೇಳಿದ ಸತ್ಯವೇ ಅವಿಚಾರದ ವಿಸ್ತರಣೆಗೆ ಹೆಚ್ಚಿನ ತಡೆ ಎಂಬುದು ನಮ್ಮ ಅಭಿಪ್ರಾಯ.

ಮತ್ತೊಂದು ಮಾತು. ಇಂದು ಅವರು ನಮ್ಮ ಬಾಗಿಲಿಗೆ ಬಂದರು, ನಾಳೆ ನಾವು ಅವರ ಬಾಗಿಲಿಗೆ ಹೋಗಬೇಕಾದೀತು. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಕುಟುಂಬಗಳು ಬೇರೆ ಕಸುಬು ಹುಡುಕುತ್ತಿವೆ. ಅಂತಹ ಒಂದು ಮನೆಯ ಹುಡುಗನಿಗೆ ಬಟ್ಟೆ ಹೊಲಿಸುವ ಉದ್ಯೋಗದ ಆಸೆ ಇರುವುದನ್ನು ಕೇಳಿದ ಬಾದನಹಟ್ಟಿಯವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವ ತಮ್ಮ ಪರಿಚಯದವರ ಬಳಿ ಒಂದು ವಾರ ಇದ್ದು ನೋಡಲು ವ್ಯವಸ್ಥೆ ಮಾಡಿಕೊಟ್ಟರು. ಅವರ ಸೀಮೆಗೆ ಇದು ಹೊಸದೂ ಅಲ್ಲ. ತುಂಗಭದ್ರಾ ಕಾಲುವೆ ಬಂದಾಗ ಜೋಳ, ಹತ್ತಿಯ ಒಣಬೇಸಾಯದವರು ನೀರಾವರಿ ಭತ್ತ ಕಲಿತದ್ದು ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರನ್ನು ನೋಡಿ, ಕೇಳಿ. ನಮ್ಮಲ್ಲಿಯೂ 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದುದರಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು.

ಕಸುಬು ಬದಲಿಸಹೊರಟವರಿಗೆ ನಾವು ಹೇಳುವುದಿಷ್ಟು. ಮೊದಲ ಭೇಟಿಯಲ್ಲಿಯೇ ಕೆಲಸ, ಸಸಿ, ಸಾಲ ಕೇಳಬೇಡಿ, ಅನುಭವ ಕೇಳಿ. ಗೆದ್ದವರ ಜೊತೆಗೆ ಸೋತವರನ್ನೂ ಕಾಣಿ. ಹೊರಡುವಾಗ "ಇನ್ನು ಯಾರನ್ನು ನೋಡಲಿ?" ಎಂದು ಇನ್ನೊಂದು ಹೆಸರು ಪಡೆಯಿರಿ. ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೋಗಿ. ಏನು ನಿರ್ಧರಿಸಿದಿರೆಂದು ದಾರಿ ತೋರಿದವರಿಗೆ ತಿಳಿಸಿ. ಇದನ್ನು ಮರೆಯುವವರೇ ಹೆಚ್ಚು.

ಸಂಘದಿಂದ ಆಗಬೇಕಾದ ಕೆಲಸವೂ ಇದೆ. ಕಾಳುಮೆಣಸು, ಕಾಫಿ ಸಂಸ್ಕರಣೆ, ಜೇನು, ಹೈನುಗಾರಿಕೆ, ಪಟ್ಟಣದ ಉದ್ಯೋಗ ಹೀಗೆ ಯಾವ ವಿಷಯದಲ್ಲಿ ಯಾವ ಸದಸ್ಯರು, ಅವರ ಮಕ್ಕಳು ಅನುಭವ ಹೇಳಬಲ್ಲರು ಎಂಬುದನ್ನು ಬರೆದಿಡುವ ಒಂದು ಪುಸ್ತಕವನ್ನು ಕಚೇರಿಯಲ್ಲಿ ತೆರೆದಿದ್ದೇವೆ. ನಷ್ಟ ಅನುಭವಿಸಿದವರು ಸಂಕೋಚ ಬಿಟ್ಟು ಮೊದಲು ಹೆಸರು ಕೊಡಬೇಕೆಂದು ವಿನಂತಿ. ವೆನಿಲ್ಲಾದ ಪುಟದಲ್ಲಿ ನಮ್ಮ ಹೆಸರನ್ನು ಆಗಲೇ ಬರೆದಿದ್ದೇವೆ.