ಕೂಸಿನ ಕಣ್ಣಿಗೂ ಗ್ರಹಣಕ್ಕೂ ಏನು ಸಂಬಂಧ?

ಬಸುರಿ ಗ್ರಹಣ ನೋಡಿದರೆ ಕೂಸಿನ ಕಣ್ಣು ಹೋಗುತ್ತದಂತೆ! ನಮ್ಮ ಜತ್ತ ಸೀಮೆಯಲ್ಲಿ ಈ ಮಾತು ಇನ್ನೂ ಸತ್ತಿಲ್ಲ. (ಬರಿಗಣ್ಣಿನಿಂದ ಸೂರ್ಯಗ್ರಹಣ ನೋಡಿದರೆ ಕೆಡುವುದು ತಾಯಿಯ ಕಣ್ಣು.) ಬೆಳಕೇ ಕಾಣದ ಬೆಕ್ಕಿನ ಭ್ರೂಣದಲ್ಲೂ ಅಕ್ಷಿಪಟ ತಾನಾಗಿ ಮಿಡಿಯುತ್ತದೆ. 1986ರಲ್ಲಿ ಐಬಿಎಂನ ರಾಲ್ಫ್ ಲಿನ್ಸ್ಕರ್ ಕಂಪ್ಯೂಟರಿನಲ್ಲಿ ನರಜಾಲದ ಮಾದರಿ ಕಟ್ಟಿದರು. ಚಿತ್ರ ತೋರಿಸಲಿಲ್ಲ, ಗೊತ್ತುಗುರಿಯಿಲ್ಲದ ಮಿಡಿತವಷ್ಟೇ ಕೊಟ್ಟರು. ಜೊತೆಗೆ ಮಿಡಿದ ಕೋಶಗಳ ನಂಟು ಬಲಿಯಲಿ ಎಂಬುದೊಂದೇ ನಿಯಮ. ಗೆರೆಯ ಓರೆ ಗುರುತಿಸುವ ಕೋಶಗಳು ತಾವಾಗಿಯೇ ಮೂಡಿದವು! ಇದರಲ್ಲಿ ರಾಹುವಿಗೇನು ಕೆಲಸ?

ಕಣ್ಣು ಕೆಡಿಸುವುದು ಬೇರೆಯೇ ಇದೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಕೂಸು ಕಣ್ಣಿನ ಪೊರೆಯೊಂದಿಗೇ ಹುಟ್ಟಬಹುದು. ಹುಟ್ಟಿದ ಮೇಲೆ ಆ ನಂಟು ಉಳಿಯಲು ಬೆಳಕು ಬೇಕು. ಪೊರೆ ತೆಗೆಸಲು ತಡಮಾಡಿದರೆ ಮಿದುಳು ಸರಿಯಾಗಿ ನೋಡಲು ಕಲಿಯದು. ಪಾಲಕರೇ, ಕೂಸಿನ ಪಾಪೆ ಬೆಳ್ಳಗೆ ಕಂಡರೆ ಪಂಚಾಂಗ ಬಿಡಿ, ಅಂದೇ ಮಿರಜ್ ಬಸ್ ಹತ್ತಿ.