ಪಂಚಾಚಾರದಲ್ಲಿಲ್ಲದ ಕಾಟಾಚಾರ

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಶರಣಧರ್ಮದ ಆಚಾರಗಳು ಈ ಐದು. ಪಂಚಾಚಾರದಲ್ಲಿ ಆರನೆಯದೊಂದಿಲ್ಲ. ಆದರೂ ಇಂದು ಮನೆಯಲ್ಲಿ, ಕಚೇರಿಯಲ್ಲಿ, ಪೂಜೆಯಲ್ಲಿ, ಜಯಂತಿಯ ವೇದಿಕೆಯಲ್ಲಿ ತಪ್ಪದೆ ನಡೆಯುತ್ತಿರುವುದು ಆ ಆರನೆಯದೇ. ಅದರ ಹೆಸರು ಕಾಟಾಚಾರ.

ಈ ಪದದಲ್ಲಿ ಕಾಟ, ಆಚಾರ ಎಂಬ ಎರಡು ಮಾತುಗಳು ಕೇಳಿಸುತ್ತವೆ. ಯಾರದೋ ಕಾಟ ತಪ್ಪಿದರೆ ಸಾಕೆಂದು, ಮಾಡಿದೆವೆಂಬ ಹೆಸರಿಗಾಗಿ ಮಾಡಿ ಮುಗಿಸುವ ಕೆಲಸಕ್ಕೆ ಜನ ಈ ಮಾತನ್ನು ಬಳಸುತ್ತಾರೆ. ಅವಸರ ಬೇರೆ, ಅರೆಬರೆ ಬೇರೆ, ಕಾಟಾಚಾರವೇ ಬೇರೆ. ಅವಸರದಲ್ಲಿ ಕಾಲ ಸಾಲದು. ಅರೆಬರೆಯಲ್ಲಿ ಕೆಲಸ ಮುಗಿದಿರದು. ಕಾಟಾಚಾರದಲ್ಲಾದರೋ ಕಾಲವೂ ಇರಬಹುದು, ಕೆಲಸವೂ ಮುಗಿದಂತೆ ಕಾಣಬಹುದು. ಮನಸ್ಸು ಮಾತ್ರ ಇರದು.

ಈ ಭೇದವನ್ನು ಮರೆತು ಪದವನ್ನು ಬಳಸುವುದು ಅನ್ಯಾಯ. ಬೆಳಗಿನ ಕೂಲಿಗೆ ಹೊರಟವನು ಐದೇ ನಿಮಿಷದಲ್ಲಿ ಒಂದು ಪತ್ರೆಯನ್ನೇರಿಸಿ ಇಷ್ಟಲಿಂಗಕ್ಕೆ ಕೈಮುಗಿದರೆ ಅದನ್ನು ಕಾಟಾಚಾರದ ಪೂಜೆಯೆಂದು ಹಳಿಯುವವರುಂಟು. ಅವರು ಪೂಜೆಯನ್ನು ಗಡಿಯಾರದಿಂದ ಅಳೆಯುತ್ತಾರೆ. ತಾಸುಗಟ್ಟಲೆ ಕುಳಿತು, ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು, ಕಿವಿಯನ್ನು ಮೊಬೈಲಿನ ಗಂಟೆಗೆ ಮೀಸಲಿಟ್ಟವನ ಪೂಜೆಗೆ ಏನೆನ್ನಬೇಕು?

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿದ್ದರೂ ಆತ ಕಾಯಕವನ್ನು ಬಿಡಲಿಲ್ಲ. ಈ ಕಥೆಯನ್ನು ಮುಂದಿಟ್ಟು ‘ಕೆಲಸವೇ ಪೂಜೆ, ಬೇರೆ ಪೂಜೆ ಏಕೆ’ ಎನ್ನುವವರು ಮೊದಲು ತಮ್ಮ ಹಗ್ಗವನ್ನು ಎಳೆದು ನೋಡಲಿ. ಚಂದಯ್ಯ ಹೊಸೆದು ಮಾರಿದ್ದು ಹಗ್ಗ. ಹಗ್ಗ ಸಡಿಲವಾದರೆ ಕೊಂಡವನ ಕೊಡ ಬಾವಿಯ ಪಾಲು. ಮೊದಲ ಮಳೆಗೇ ಕಿತ್ತುಹೋಗುವ ರಸ್ತೆಯನ್ನು ಹಾಕಿದವನಿಗೂ, ತಿದ್ದದೆಯೇ ಅಂಕ ಹಾಕುವ ಶಿಕ್ಷಕನಿಗೂ ಚಂದಯ್ಯನ ಹೆಸರೆತ್ತುವ ಅಧಿಕಾರವಿಲ್ಲ.

ಭಕ್ತರ ನಡುವೆಯೇ ಹಬ್ಬಿರುವ ಇನ್ನೊಂದು ಕಾಟಾಚಾರವಿದೆ. ಯಾರದೋ ಆಧುನಿಕ ಸಾಲುಗಳಿಗೆ ಕೂಡಲಸಂಗಮದೇವ ಎಂಬ ಅಂಕಿತವನ್ನಂಟಿಸಿ ‘ಇಂದಿನ ವಚನ’ವೆಂದು ಹತ್ತಾರು ಮಂದಿಗೆ ಕಳುಹಿಸಲಾಗುತ್ತಿದೆ. ಓದಿ ನೋಡುವವರಿಲ್ಲ, ಕಳುಹಿಸಿದರೆ ಪುಣ್ಯ ಬಂತು! ಫ. ಗು. ಹಳಕಟ್ಟಿಯವರು ಊರೂರು ಅಲೆದು, ಅಟ್ಟದ ಮೇಲಿನ ಓಲೆಗರಿಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಒಂದೊಂದು ಅಕ್ಷರಕ್ಕೂ ಕಣ್ಣು ಸವೆಸಿದವರ ಶ್ರಮವನ್ನು ಒಂದು ಬೆರಳಿನ ಒತ್ತಿನಿಂದ ಕೆಡಿಸುವುದು ಭಕ್ತಿಯಲ್ಲ.

ಪದದ ಮೊದಲರ್ಧವನ್ನೂ ಮರೆಯಲಾಗದು. ಕಾಟವಿದ್ದಲ್ಲಿ ಕಾಟ ಕೊಡುವವನೂ ಇರುತ್ತಾನೆ. ಕೂಲಿಯನ್ನು ಕಡಿಮೆ ಮಾಡಿ, ಗದರಿಸಿ, ನಾಳೆಯ ಕೆಲಸವನ್ನು ಇಂದೇ ಕೇಳುವ ಯಜಮಾನ ‘ಕಾಟಾಚಾರಕ್ಕೆ ಮಾಡಿದ್ದಾನೆ’ ಎಂದು ಆಳನ್ನು ದೂರುತ್ತಾನೆ. ಆಚಾರ ಕೆಟ್ಟದ್ದು ಆಳಿನದಾದರೂ ಕಾಟ ಅವನದೇ. ಭೃತ್ಯಾಚಾರವೆಂದರೆ ತಾನೇ ಕಿರಿಯನೆಂದು ನಡೆಯುವುದು. ಆ ಆಚಾರವಿದ್ದ ಮನೆಯಲ್ಲಿ ಆಳಿಗೆ ಕಾಟವಿರದು.

ಮಹಾಮನೆಯ ಅಂಗಳದಿಂದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳು. ಯಾರೂ ಅಳೆದು ನೋಡುತ್ತಿರಲಿಲ್ಲ, ಯಾರ ಕಾಟವೂ ಇರಲಿಲ್ಲ. ನೋಡುವವರಿಲ್ಲದಾಗಲೂ ನೆಟ್ಟಗಿರುವುದೇ ಆಚಾರ. ಕಾಟಾಚಾರವೆಂಬ ಮಾತನ್ನು ಪರರ ಮೇಲೆ ಎಸೆಯುವ ಮುನ್ನ ಪ್ರತಿಯೊಬ್ಬ ಭಕ್ತನೂ ಅದನ್ನು ತನ್ನ ಅಂದಿನ ಪೂಜೆಯ ಮೇಲೆ, ತನ್ನ ಅಂದಿನ ಕಾಯಕದ ಮೇಲೆ ಇಟ್ಟು ನೋಡಲಿ.